ಕಡತ ಹೋಯಿತು, ಲೆಕ್ಕ ಉಳಿಯಿತು

ಕಳೆದ ಮಳೆಗಾಲದ ಒಂದು ಭಾನುವಾರ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರಿನ ಸಂರಚನಾ ಕಡತವನ್ನು ತಿದ್ದುತ್ತ ತಿದ್ದುತ್ತ, ಯಾವ ಸಾಲು ನಾನು ಸೇರಿಸಿದ್ದು, ಯಾವುದು ಮೊದಲೇ ಇದ್ದದ್ದು ಎಂಬುದು ನನಗೇ ತಿಳಿಯದ ಸ್ಥಿತಿಗೆ ಬಂದೆ. ಈ ಗೋಜಲನ್ನು ಬಿಡಿಸುವುದಕ್ಕಿಂತ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಕೊಳ್ಳುವುದೇ ಸುಲಭವೆಂದು ತೀರ್ಮಾನಿಸಿ, ‘ಸುಡೊ ಆರ್‌ಎಂ -ಆರ್ /ಇಟಿಸಿ/ಎಂಜಿನ್‌ಎಕ್ಸ್’ ಎಂದು ಟೈಪಿಸಿ ಆ ಕಡತಕೋಶವನ್ನೇ ಇಲ್ಲವಾಗಿಸಿದೆ (ಸುಡೊ ಎಂದರೆ ಯಜಮಾನನ ಅಧಿಕಾರದಿಂದ ಮಾಡು ಎಂದು, ಆರ್‌ಎಂ ಎಂದರೆ ಅಳಿಸು ಎಂದು). ಅನಂತರ ‘ಸುಡೊ ಆಪ್ಟ್ ಪರ್ಜ್ ಎಂಜಿನ್‌ಎಕ್ಸ್’, ಅದರ ಬೆನ್ನಿಗೇ ‘ಸುಡೊ ಆಪ್ಟ್ ಇನ್‌ಸ್ಟಾಲ್ ಎಂಜಿನ್‌ಎಕ್ಸ್’. ಪರ್ಜ್ ಎಂದರೆ ಬೇರುಸಹಿತ ಕಿತ್ತುಹಾಕುವುದು ಎಂದೇ ನನ್ನ ತಿಳಿವಳಿಕೆಯಾಗಿತ್ತು. ಆದರೆ ಸರ್ವರ್ ಏಳಲಿಲ್ಲ. ಎಂಜಿನ್‌ಎಕ್ಸ್.ಕಾನ್ಫ್ ಎಂಬ ಕಡತವೇ ಇಲ್ಲವೆಂದು ಅದು ದೂರಿತು. ಹೋಗಿ ನೋಡಿದರೆ ನಿಜವಾಗಿಯೂ ಇರಲಿಲ್ಲ. ಈಗಷ್ಟೇ ಅಳವಡಿಸಿದ ತಂತ್ರಾಂಶಕ್ಕೆ ಅದರದೇ ಮುಖ್ಯ ಕಡತ ಬಂದಿಲ್ಲವೆಂದರೆ ಹೇಗೆ? ಮತ್ತೆರಡು ಬಾರಿ ತೆಗೆದು ಹಾಕಿದೆ. ಎರಡು ಬಾರಿಯೂ ಅದೇ ದೂರು.

ಆ ಒಗಟು ಬಿಡುವ ಹೊತ್ತಿಗೆ ಮಧ್ಯರಾತ್ರಿಯಾಗಿತ್ತು. ಅದರ ಉತ್ತರವನ್ನು ಒಂದು ಸಾಲಿನಲ್ಲಿ ಹೇಳಬಹುದು, ಆದರೆ ಆ ಸಾಲು ಅರ್ಥವಾಗಬೇಕಾದರೆ ಡೆಬಿಯನ್ ಮತ್ತು ಉಬುಂಟುವಿನಂತಹ ಲಿನಕ್ಸ್ ವ್ಯವಸ್ಥೆಗಳಲ್ಲಿ ಟರ್ಮಿನಲ್ಲಿನಿಂದ, ಅಂದರೆ ಕಮಾಂಡ್ ಟೈಪಿಸುವ ಕಿಟಕಿಯಿಂದ, ಪ್ಯಾಕೇಜೊಂದನ್ನು, ಅಂದರೆ ಕಟ್ಟಿಟ್ಟ ತಂತ್ರಾಂಶವೊಂದನ್ನು, ಹಾಕಿದಾಗ, ತೆಗೆದಾಗ ಒಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದಿರಬೇಕು. ಹತ್ತು ವರ್ಷ ಈ ಕಮಾಂಡುಗಳನ್ನು ಬಳಸಿಯೂ ನಾನು ಅದನ್ನು ಸರಿಯಾಗಿ ತಿಳಿದುಕೊಂಡಿರಲಿಲ್ಲವಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಕಮಾಂಡುಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್ಲಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪಿಸಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ಮೊದಲು ತಿಳಿಯಬೇಕಾದದ್ದು, ಇಲ್ಲಿ ಕೆಲಸ ಮಾಡುವವರು ಇಬ್ಬರು ಎಂಬುದು. ಮದುವೆಮನೆಯ ಉಗ್ರಾಣಿಯನ್ನು ನೆನಪಿಸಿಕೊಳ್ಳಿ: ಯಾವ ಕೊಳದಪ್ಪಲೆ ಎಲ್ಲಿಂದ ಬಂತು, ಎಷ್ಟು ಬಂತು, ಯಾವುದನ್ನು ಯಾರಿಗೆ ಹಿಂತಿರುಗಿಸಬೇಕು ಎಂಬುದೆಲ್ಲ ಅವನ ಪುಸ್ತಕದಲ್ಲಿರುತ್ತದೆ. ಡಿಪಿಕೆಜಿ ಎಂಬ ಪ್ರೋಗ್ರಾಂ ಆ ಉಗ್ರಾಣಿ. ಆಪ್ಟ್ ಎಂಬುದು ಪೇಟೆಗೆ ಹೋಗಿ, ಪಟ್ಟಿಯಲ್ಲಿರುವುದರ ಜೊತೆಗೆ ಅದಕ್ಕೆ ಬೇಕಾದ ಇನ್ನಿತರ ಸಾಮಾನನ್ನೂ ಹುಡುಕಿ ತಂದು ಉಗ್ರಾಣಿಯ ಕೈಗೊಪ್ಪಿಸುವವನು. ಇಯಾನ್ ಮರ್ಡಾಕ್ 1993ರ ಆಗಸ್ಟಿನಲ್ಲಿ ಡೆಬಿಯನ್ ಯೋಜನೆಯನ್ನು ಪ್ರಕಟಿಸಿದ ಮರುವರ್ಷವೇ ಡಿಪಿಕೆಜಿ ಬಂತು; ಆಪ್ಟ್-ಗೆಟ್ ಡೆಬಿಯನ್ ಬಿಡುಗಡೆಯ ಭಾಗವಾದದ್ದು 1999ರ ಮಾರ್ಚಿನಲ್ಲಿ, 2.1ನೇ ಆವೃತ್ತಿಯೊಂದಿಗೆ. ಆಪ್ಟ್-ಗೆಟ್, ಆಪ್ಟ್-ಕ್ಯಾಶ್ ಎಂದು ಹಂಚಿಹೋಗಿದ್ದ ಕೆಲಸಗಳನ್ನು ಒಂದೇ ಹೆಸರಿನಡಿ ತಂದ ಇಂದಿನ ‘ಆಪ್ಟ್’ ಕಮಾಂಡ್ ರೂಢಿಗೆ ಬಂದದ್ದು 2014ರ ನಂತರ. ಹಳಬರು ಈಗಲೂ ಆಪ್ಟ್-ಗೆಟ್ ಎಂದೇ ಟೈಪಿಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಸ್ಕ್ರಿಪ್ಟುಗಳಲ್ಲಿ ಅದನ್ನೇ ಬಳಸುವುದು ಒಳ್ಳೆಯದು ಕೂಡ. ‘ಆಪ್ಟ್-ಗೆಟ್ ಮೂ’ ಎಂದು ಟೈಪಿಸಿದರೆ ಅಕ್ಷರಗಳಲ್ಲಿ ಬರೆದ ಹಸುವೊಂದು ಪರದೆಯ ಮೇಲೆ ಬಂದು ನಿಂತು, ಇಂದು ನೀವು ಅಂಬಾ ಎಂದಿರಾ ಎಂದು ಕೇಳುತ್ತದೆ. ಅದರಿಂದ ಯಾವ ಪ್ರಯೋಜನವೂ ಇಲ್ಲ.

ಹಾಕುವ ಕೆಲಸವನ್ನು ಹತ್ತಿರದಿಂದ ನೋಡಲು ನನಗೆ ಅವಕಾಶ ಸಿಕ್ಕಿದ್ದು ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ. ಅಚ್ಚಾದ ಹಳೆಯ ಪುಟಗಳ ಚಿತ್ರದಿಂದ ಕನ್ನಡ ಪಠ್ಯವನ್ನು ಹೊರತೆಗೆಯುವ ಟೆಸರಾಕ್ಟ್ ಎಂಬ ತಂತ್ರಾಂಶ ಅವರಿಗೆ ಬೇಕಿತ್ತು. ಮೊದಲು ‘ಸುಡೊ ಆಪ್ಟ್ ಅಪ್‌ಡೇಟ್’ ಎಂದೆ. ಹೆಸರಿನಿಂದ ಎಲ್ಲರೂ ಮೋಸಹೋಗುವ ಕಮಾಂಡ್ ಇದು. ಇದರಿಂದ ಯಾವ ತಂತ್ರಾಂಶವೂ ಹೊಸದಾಗುವುದಿಲ್ಲ, ತಂತ್ರಾಂಶಗಳನ್ನು ಇಟ್ಟಿರುವ ಅಂತರ್ಜಾಲ ಭಂಡಾರದಲ್ಲಿ ಏನೇನಿದೆ ಎಂಬ ಪಟ್ಟಿಯಷ್ಟೇ ಹೊಸದಾಗುತ್ತದೆ. ಇರುವ ತಂತ್ರಾಂಶಗಳನ್ನು ಹೊಸ ಆವೃತ್ತಿಗೆ ಏರಿಸುವುದು ‘ಅಪ್‌ಗ್ರೇಡ್’. ಆ ಬಳಿಕ ‘ಸುಡೊ ಆಪ್ಟ್ ಇನ್‌ಸ್ಟಾಲ್ ಟೆಸರಾಕ್ಟ್-ಒಸಿಆರ್ ಟೆಸರಾಕ್ಟ್-ಒಸಿಆರ್-ಕಾನ್’ ಎಂದು ಕೊಟ್ಟೆ. ಕೊನೆಯ ‘ಕಾನ್’ ಎಂಬ ಮೂರಕ್ಷರವೇ ಕನ್ನಡ. ಇದೊಂದು ಸಣ್ಣ ಕಿರಿಕಿರಿ: ಕಾಗುಣಿತ ಪರೀಕ್ಷಕ ಬೇಕಾದರೆ ಆಸ್ಪೆಲ್-ಕೆಎನ್, ಅಲ್ಲಿ ಕನ್ನಡಕ್ಕೆ ಎರಡಕ್ಷರ, ಅಕ್ಷರಶೈಲಿ ಬೇಕಾದರೆ ಫಾಂಟ್ಸ್-ಲೋಹಿತ್-ಕೆಎನ್‌ಡಿಎ, ಅಲ್ಲಿ ನಾಲ್ಕಕ್ಷರ. ಮೊದಲೆರಡು ಭಾಷೆಗೆ ಕೊಟ್ಟ ಎರಡು ಬಗೆಯ ಸಂಕೇತಗಳು, ಮೂರನೆಯದು ಲಿಪಿಗೆ ಕೊಟ್ಟದ್ದು. ಇದನ್ನು ನೆನಪಿಡಲು ಆಗದವರು ‘ಆಪ್ಟ್ ಸರ್ಚ್ ಕನ್ನಡ’ ಎಂದು ಹುಡುಕುವುದೇ ಸುಲಭ; ಆ ಪಟ್ಟಿಯಲ್ಲಿ ಇಂಗ್ಲಿಷ್ ಹೆಸರುಗಳ ನಡುವೆ ಫಾಂಟ್ಸ್-ಗುಬ್ಬಿ, ಫಾಂಟ್ಸ್-ನವಿಲು ಎಂದು ನಮ್ಮ ಎರಡು ಹಕ್ಕಿಗಳು ಕುಳಿತಿರುವುದನ್ನು ನೋಡಿದರೆ ಈಗಲೂ ನನಗೆ ಖುಷಿಯಾಗುತ್ತದೆ.

ಎಂಟರ್ ಒತ್ತಿದೊಡನೆ ಏನನ್ನೂ ಹಾಕದೆ ಆಪ್ಟ್ ಒಂದು ಪಟ್ಟಿಯನ್ನು ಮುಂದಿಟ್ಟು ನಿಂತಿತು. ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ಅದನ್ನು ಅಕ್ಷರ ಬಿಡದೆ ಓದಿದರು.

“ಏನಪ್ಪಾ, ನಾವು ಕೇಳಿದ್ದು ಕನ್ನಡ. ಇದು ಇಂಗ್ಲಿಷನ್ನೂ ತರ್ತೀನಿ ಅಂತಿದೆಯಲ್ಲ?”

“ಅದು ಜೊತೆಗೇ ಬರುತ್ತೆ ಸರ್. ಟೆಸರಾಕ್ಟ್ ಇಂಗ್ಲಿಷನ್ನ ಅವಲಂಬಿಸಿದೆ ಅಂತ ಪ್ಯಾಕೇಜ್ ಮಾಡಿದವರೇ ಬರೆದಿಟ್ಟಿದ್ದಾರೆ.”

“ಅಲ್ಲೂ ಅವಲಂಬನೆ ಅನ್ನು!” ಎಂದು ನಕ್ಕರು.

ಅವರು ಓದಿದ ಹಾಗೆ ಆ ಪಟ್ಟಿಯನ್ನು ನಾವ್ಯಾರೂ ಓದುವುದಿಲ್ಲ. ಕೇಳಿದ್ದರ ಜೊತೆಗೆ ಬರುವವು ಯಾವುವು, ಹೊಸದಾಗಿ ಎಷ್ಟು ಬರುತ್ತವೆ, ಎಷ್ಟು ಹೋಗುತ್ತವೆ, ಎಷ್ಟು ಎಂಬಿ ಇಳಿಯಬೇಕು, ಡಿಸ್ಕಿನಲ್ಲಿ ಎಷ್ಟು ಜಾಗ ತುಂಬುತ್ತದೆ ಎಂಬುದೆಲ್ಲ ಅಲ್ಲಿ ಸ್ಪಷ್ಟವಾಗಿರುತ್ತದೆ. ಕೊನೆಯಲ್ಲಿ ಮುಂದುವರಿಯಬೇಕೆ ಎಂಬ ಪ್ರಶ್ನೆಯ ಪಕ್ಕದಲ್ಲಿ ವೈ ಅಕ್ಷರ ದೊಡ್ಡದಾಗಿಯೂ ಎನ್ ಚಿಕ್ಕದಾಗಿಯೂ ಇರುವುದಕ್ಕೆ ಕಾರಣವಿದೆ: ಏನನ್ನೂ ಬರೆಯದೆ ಬರಿಯ ಎಂಟರ್ ಒತ್ತಿದರೆ ದೊಡ್ಡಕ್ಷರದ ಉತ್ತರವನ್ನೇ ಕೊಟ್ಟಂತೆ. ನಾವೆಲ್ಲ ಎಡವುವುದು ಇಲ್ಲಿಯೇ. ಉಬುಂಟುವಿನಲ್ಲಿ ‘ಪೈಥಾನ್3 ನನಗೆ ಬೇಡ’ ಎಂದುಕೊಂಡು ಆ ಪ್ರೋಗ್ರಾಮಿಂಗ್ ಭಾಷೆಯನ್ನು ತೆಗೆಯಹೊರಟರೆ, ಅದನ್ನು ನೆಚ್ಚಿಕೊಂಡಿರುವ ಡೆಸ್ಕ್‌ಟಾಪಿನ ಬಹುಭಾಗವೂ ಹೋಗುವವರ ಪಟ್ಟಿಯಲ್ಲಿ ಸೇರುತ್ತದೆ. ಅಲ್ಲಿ ಎಂಟರ್ ಒತ್ತಿದವರಿಗೆ ಮುಂದಿನ ಬಾರಿ ಕಂಪ್ಯೂಟರ್ ಹಚ್ಚಿದಾಗ ಸಿಗುವುದು ಕರಿಯ ಪರದೆ ಮತ್ತು ಲಾಗಿನ್ ಕೇಳುವ ಒಂದು ಸಾಲು. 2021ರಲ್ಲಿ ಹೆಸರಾಂತ ಯೂಟ್ಯೂಬ್ ನಿರೂಪಕರೊಬ್ಬರು ಸ್ಟೀಮ್ ಎಂಬ ಆಟಗಳ ತಂತ್ರಾಂಶವನ್ನು ಹಾಕಲು ಹೋಗಿ, ಪ್ಯಾಕೇಜಿನ ದೋಷದಿಂದ ಡೆಸ್ಕ್‌ಟಾಪೇ ಹೋಗುವ ಪಟ್ಟಿ ಬಂದಾಗ, ಆಪ್ಟ್ ಕೇಳಿದಂತೆ ‘ಹೌದು, ನಾನು ಹೇಳಿದಂತೆ ಮಾಡು’ ಎಂಬರ್ಥದ ಪೂರ್ತಿ ವಾಕ್ಯವನ್ನೇ ಟೈಪಿಸಿ ಎಲ್ಲವನ್ನೂ ಕಳೆದುಕೊಂಡರು. ಅವರನ್ನು ಗೇಲಿ ಮಾಡಿದವರು ಬಹಳ. ನಾನು ಮಾಡಲಿಲ್ಲ, ಏಕೆಂದರೆ ಆ ವಾಕ್ಯ ಕೇಳುವಷ್ಟು ಗಂಭೀರವಲ್ಲದ ಪಟ್ಟಿಗಳಿಗೆ ಓದದೆಯೇ ಹೌದೆಂದಿರುವುದು ನನ್ನ ನಿತ್ಯದ ಅಭ್ಯಾಸ. ಅನುಮಾನವಿದ್ದಾಗ ಕಮಾಂಡಿಗೆ ‘-ಎಸ್’ ಸೇರಿಸಿದರೆ ಆಪ್ಟ್ ಏನನ್ನೂ ಮುಟ್ಟದೆ, ಏನು ಮಾಡಬಹುದಿತ್ತು ಎಂಬುದನ್ನಷ್ಟೇ ಹೇಳುತ್ತದೆ. ಅದಕ್ಕೆ ಸುಡೊ ಕೂಡ ಬೇಕಾಗಿಲ್ಲ.

ಮೇಷ್ಟ್ರ ಕಂಪ್ಯೂಟರಿಗೆ ಇಳಿದದ್ದು ಡೆಬ್ ಎಂಬ ಬಾಲವಿರುವ ಕೆಲವು ಕಡತಗಳು. ಡೆಬ್ ಎಂಬುದು ಯಾವ ಮಾಯೆಯೂ ಅಲ್ಲ, ಒಂದು ಗಂಟು. ‘ಆಪ್ಟ್ ಡೌನ್‌ಲೋಡ್ ಟೆಸರಾಕ್ಟ್-ಒಸಿಆರ್-ಕಾನ್’ ಎಂದು ಅಳವಡಿಸದೆ ಬರಿದೇ ಇಳಿಸಿಕೊಂಡು, ‘ಎಆರ್ ಟಿ’ ಎಂಬ ಕಮಾಂಡಿಗೆ ಕೊಟ್ಟರೆ ಒಳಗಿರುವ ಮೂರು ವಸ್ತುಗಳು ಕಾಣುತ್ತವೆ. ಒಂದರಲ್ಲಿ ಇರುವುದು ಗಂಟಿನ ಆವೃತ್ತಿಯನ್ನು ಹೇಳುವ 2.0 ಎಂಬ ಅಂಕಿ ಮಾತ್ರ. ಇನ್ನೊಂದು ಕಂಟ್ರೋಲ್, ಅಂದರೆ ಹೆಸರು, ಆವೃತ್ತಿ, ಅವಲಂಬನೆಗಳ ವಿವರ ಮತ್ತು ಅಗತ್ಯವಿದ್ದರೆ ಹಾಕುವ ಮೊದಲು, ಹಾಕಿದ ಮೇಲೆ, ತೆಗೆಯುವ ಮೊದಲು, ತೆಗೆದ ಮೇಲೆ ನಡೆಸಬೇಕಾದ ನಾಲ್ಕು ಪುಟ್ಟ ಸ್ಕ್ರಿಪ್ಟುಗಳು. ಮೂರನೆಯದು ಡೇಟಾ, ಡಿಸ್ಕಿನ ಮೇಲೆ ಎಲ್ಲೆಲ್ಲಿ ಯಾವ ಕಡತ ಕೂರಬೇಕೋ ಹಾಗೆಯೇ ಜೋಡಿಸಿಟ್ಟ ಕಡತಗಳ ಕಟ್ಟು. ಕನ್ನಡದ ಗಂಟಿನಲ್ಲಿ ನಿಜವಾದ ಸರಕು ಒಂದೇ, ಕಾನ್.ಟ್ರೈನ್ಡ್‌ಡೇಟಾ ಎಂಬ ಕಡತ; ಉಳಿದದ್ದು ಹಕ್ಕುಸ್ವಾಮ್ಯದ ವಿವರ, ಬದಲಾವಣೆಗಳ ಪಟ್ಟಿ.

ಉಗ್ರಾಣಿ ಈ ಗಂಟನ್ನು ಬಿಚ್ಚಿ ಕಡತಗಳನ್ನು ಅವುಗಳ ಜಾಗದಲ್ಲಿಟ್ಟು, ಇಟ್ಟ ಪ್ರತಿಯೊಂದರ ದಾರಿಯನ್ನೂ ಬರೆದುಕೊಳ್ಳುತ್ತಾನೆ. ಆ ಬರಹ /ವಾರ್/ಲಿಬ್/ಡಿಪಿಕೆಜಿ ಎಂಬಲ್ಲಿದೆ. ಅಲ್ಲಿನ ಸ್ಟೇಟಸ್ ಎಂಬ ಕಡತ ಯಾವ ಗುಪ್ತಭಾಷೆಯಲ್ಲೂ ಇಲ್ಲ; ಯಾವ ಎಡಿಟರಿನಲ್ಲಾದರೂ ತೆರೆದು ಓದಬಹುದಾದ ಸಾದಾ ಪಠ್ಯ, ಪ್ಯಾಕೇಜಿಗೊಂದು ಪ್ಯಾರಾ. ಓದಿ, ಆದರೆ ದಯವಿಟ್ಟು ತಿದ್ದಬೇಡಿ. ‘ಡಿಪಿಕೆಜಿ -ಎಲ್’ ಎಂದು ದೊಡ್ಡಕ್ಷರದ ಎಲ್ ಹಾಕಿ ಪ್ಯಾಕೇಜಿನ ಹೆಸರು ಕೊಟ್ಟರೆ ಅದು ತಂದ ಕಡತಗಳೆಲ್ಲ ಸಾಲಾಗಿ ಬರುತ್ತವೆ. ‘ಡಿಪಿಕೆಜಿ -ಎಸ್’ ಎಂದು ದೊಡ್ಡಕ್ಷರದ ಎಸ್ ಹಾಕಿ ಕಡತದ ದಾರಿ ಕೊಟ್ಟರೆ ಅದು ಯಾವ ಪ್ಯಾಕೇಜಿಗೆ ಸೇರಿದ್ದೆಂದು ತಿಳಿಯುತ್ತದೆ. ನನ್ನ ಒಗಟನ್ನು ಬಿಡಿಸಿದ್ದು ಈ ಎರಡನೆಯ ಕಮಾಂಡ್.

ತೆಗೆಯುವ ಕೆಲಸ ಹಾಕುವ ಕೆಲಸದ ತಿರುವುಮುರುವು ಅಲ್ಲ. ‘ಆಪ್ಟ್ ರಿಮೂವ್’ ಎಂದರೆ ಪ್ರೋಗ್ರಾಂ ಹೋಗುತ್ತದೆ, ಆದರೆ /ಇಟಿಸಿ ಒಳಗಿನ ಸಂರಚನಾ ಕಡತಗಳು ಉಳಿಯುತ್ತವೆ, ಏಕೆಂದರೆ ಅವುಗಳಲ್ಲಿ ನೀವು ಬೆವರು ಸುರಿಸಿ ಬರೆದ ಸಾಲುಗಳಿರಬಹುದು, ನಾಳೆ ನೀವು ಅದೇ ತಂತ್ರಾಂಶವನ್ನು ಮತ್ತೆ ಹಾಕಬಹುದು. ‘ಡಿಪಿಕೆಜಿ -ಎಲ್’ ಎಂದು ಸಣ್ಣಕ್ಷರದ ಎಲ್ ಕೊಟ್ಟಾಗ ಬರುವ ಪಟ್ಟಿಯಲ್ಲಿ ಸರಿಯಾಗಿ ಅಳವಟ್ಟ ಪ್ಯಾಕೇಜುಗಳ ಮುಂದೆ ‘ಐಐ’ ಎಂದಿರುವಂತೆ, ಹೀಗೆ ಅರ್ಧ ಹೋದವುಗಳ ಮುಂದೆ ‘ಆರ್‌ಸಿ’ ಎಂದಿರುತ್ತದೆ: ತೆಗೆಯಲಾಗಿದೆ, ಸಂರಚನೆ ಉಳಿದಿದೆ. ಹಳೆಯ ಕಂಪ್ಯೂಟರುಗಳಲ್ಲಿ ಇಂಥ ಸಾಲುಗಳು ಹತ್ತಾರು ಸಿಗುತ್ತವೆ. ‘ಆಪ್ಟ್ ಪರ್ಜ್’ ಅವನ್ನೂ ಗುಡಿಸಿಹಾಕುತ್ತದೆ. ಹಾಗಿದ್ದರೂ ನಿಮ್ಮ ಹೋಮ್ ಕಡತಕೋಶದಲ್ಲಿ ಚುಕ್ಕೆಯಿಂದ ಆರಂಭವಾಗುವ ಹೆಸರಿನ ಕಡತಗಳನ್ನು ಪರ್ಜ್ ಕೂಡ ಮುಟ್ಟುವುದಿಲ್ಲ; ಅದು ಬಳಕೆದಾರರ ಸ್ವಂತ ಜಾಗ, ಅಲ್ಲಿ ಪ್ಯಾಕೇಜಿಗೆ ಅಧಿಕಾರವಿಲ್ಲ.

ಈಗ ನನ್ನ ಭಾನುವಾರಕ್ಕೆ ಬರುತ್ತೇನೆ. ಸಂರಚನಾ ಕಡತಗಳ ವಿಷಯದಲ್ಲಿ ಉಗ್ರಾಣಿ ವಿಶೇಷ ಮರ್ಯಾದೆ ತೋರುತ್ತಾನೆ. ಅಂಥ ಪ್ರತಿಯೊಂದು ಕಡತದ ಗುರುತಿಗಾಗಿ ಅದರ ಒಳಪಠ್ಯದಿಂದ ಲೆಕ್ಕಹಾಕಿದ ಎಂಡಿ5 ಮೊತ್ತವೊಂದನ್ನು ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡಿರುತ್ತಾನೆ. ಹೊಸ ಆವೃತ್ತಿ ಬಂದಾಗ ಡಿಸ್ಕಿನ ಮೇಲಿರುವ ಕಡತದ ಮೊತ್ತ ಪುಸ್ತಕದಲ್ಲಿರುವುದಕ್ಕೆ ಹೊಂದಿದರೆ, ಯಜಮಾನರು ಇದನ್ನು ಮುಟ್ಟಿಲ್ಲವೆಂದು ತಿಳಿದು ಸದ್ದಿಲ್ಲದೆ ಬದಲಾಯಿಸುತ್ತಾನೆ. ಹೊಂದದೆ, ಪ್ಯಾಕೇಜಿನವರೂ ಅದನ್ನು ಬದಲಾಯಿಸಿದ್ದರೆ, ನಿಮ್ಮದನ್ನು ಉಳಿಸಲೋ ಅವರದನ್ನು ಹಾಕಲೋ ಎಂದು ನಿಂತು ಕೇಳುತ್ತಾನೆ. ಕಡತವನ್ನೇ ನೀವು ಅಳಿಸಿದ್ದರೆ? ಅದನ್ನೂ ಅವನು ನಿಮ್ಮ ಒಂದು ತಿದ್ದುಪಡಿ ಎಂದೇ ಎಣಿಸುತ್ತಾನೆ. ಯಜಮಾನರಿಗೆ ಇದು ಬೇಡವಾಗಿದೆ, ಆದ್ದರಿಂದ ಮತ್ತೆ ಹಾಕುವಾಗಲೂ ಇದನ್ನು ತರಬಾರದು. ಎಷ್ಟು ಬಾರಿ ಮರು ಅಳವಡಿಸಿದರೂ ಅವನು ತರುವುದಿಲ್ಲ.

ಆದರೆ ನಾನು ಪರ್ಜ್ ಮಾಡಿದ್ದೆನಲ್ಲ, ಪುಸ್ತಕದ ಆ ಪುಟವೇ ಹರಿದುಹೋಗಬೇಕಿತ್ತಲ್ಲ? ಮಧ್ಯರಾತ್ರಿಯ ಹೊತ್ತಿಗೆ, ಇನ್ನೇನೂ ತೋಚದೆ, ‘ಡಿಪಿಕೆಜಿ -ಎಸ್ /ಇಟಿಸಿ/ಎಂಜಿನ್‌ಎಕ್ಸ್/ಎಂಜಿನ್‌ಎಕ್ಸ್.ಕಾನ್ಫ್’ ಎಂದು ಕೇಳಿದೆ. ಡಿಸ್ಕಿನಲ್ಲಿ ಇಲ್ಲವೇ ಇಲ್ಲದ ಕಡತದ ಬಗ್ಗೆ ಉಗ್ರಾಣಿ ಕ್ಷಣಮಾತ್ರದಲ್ಲಿ ಉತ್ತರ ಕೊಟ್ಟ: ಎಂಜಿನ್‌ಎಕ್ಸ್-ಕಾಮನ್. ನಾನು ಕಿತ್ತು ಹಾಕುತ್ತಿದ್ದದ್ದು ಎಂಜಿನ್‌ಎಕ್ಸ್ ಎಂಬ ಪ್ಯಾಕೇಜನ್ನು. ಕಡತ ಸೇರಿದ್ದು ಅದರ ಅವಲಂಬನೆಯಾಗಿ ಬಂದ ಎಂಜಿನ್‌ಎಕ್ಸ್-ಕಾಮನ್ ಎಂಬ ಇನ್ನೊಂದಕ್ಕೆ. ಅದು ಮೂರೂ ಬಾರಿ ಕದಲದೆ ಕುಳಿತಿತ್ತು, ಅದರ ಪುಟದಲ್ಲಿ ನನ್ನ ಅಳಿಸುವಿಕೆ ಯಜಮಾನರ ಅಪ್ಪಣೆಯಾಗಿ ಉಳಿದಿತ್ತು. ‘ಸುಡೊ ಆಪ್ಟ್ ಪರ್ಜ್ ಎಂಜಿನ್‌ಎಕ್ಸ್ ಎಂಜಿನ್‌ಎಕ್ಸ್-ಕಾಮನ್’ ಎಂದು ಎರಡನ್ನೂ ತೆಗೆದು ಮತ್ತೆ ಹಾಕಿದಾಗ ಸರ್ವರ್ ಎದ್ದು ನಿಂತಿತು. ಎಲ್ಲವನ್ನೂ ತೆಗೆಯಲಾಗದ ಸಂದರ್ಭದಲ್ಲಿ, ಕಳೆದುಹೋದ ಸಂರಚನಾ ಕಡತಗಳನ್ನು ಬಲವಂತವಾಗಿ ಮರಳಿ ತರಿಸುವ ‘ಫೋರ್ಸ್-ಕಾನ್ಫ್‌ಮಿಸ್’ ಎಂಬ ಆಯ್ಕೆ ಡಿಪಿಕೆಜಿಯಲ್ಲಿಯೇ ಇದೆ ಎಂಬುದು ಆಮೇಲೆ ತಿಳಿಯಿತು.

ಎಂಜಿನ್‌ಎಕ್ಸ್-ಕಾಮನ್ ತಾನಾಗಿ ಹೋಗದಿದ್ದುದಕ್ಕೂ ಕಾರಣವಿದೆ. ನೀವು ಹೆಸರು ಹೇಳಿ ಹಾಕಿಸಿದ್ದು ಯಾವುದು, ಅದರ ಬೆನ್ನಿಗೆ ಬಂದದ್ದು ಯಾವುದು ಎಂದು ಆಪ್ಟ್ ಬೇರೆ ಗುರುತು ಇಟ್ಟಿರುತ್ತದೆ. ಕರೆಸಿದವರು ಹೊರಟುಹೋದರೂ ಜೊತೆಗೆ ಬಂದವರನ್ನು ಅದು ತಾನಾಗಿ ಹೊರಗೆ ಕಳಿಸುವುದಿಲ್ಲ. ಇವು ಇನ್ನು ಯಾರಿಗೂ ಬೇಕಾಗಿಲ್ಲ ಎಂದು ಪಟ್ಟಿ ತೋರಿಸಿ, ‘ಆಪ್ಟ್ ಆಟೋರಿಮೂವ್’ ಬಳಸಿ ಎಂದು ಸೂಚಿಸಿ ಸುಮ್ಮನಾಗುತ್ತದೆ. ಆ ಸಂಜೆಯ ಮೂರು ಪರ್ಜುಗಳ ಕೆಳಗೂ ಆ ಸೂಚನೆ ಇತ್ತು, ಅದರಲ್ಲಿ ಎಂಜಿನ್‌ಎಕ್ಸ್-ಕಾಮನ್ ಎಂಬ ಹೆಸರೂ ಇತ್ತು. ಆಟೋರಿಮೂವ್ ಒಳ್ಳೆಯ ಸೇವಕ, ವಿಶೇಷವಾಗಿ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿನ ಹಳೆಯ ಆವೃತ್ತಿಗಳು ಬೂಟ್ ವಿಭಾಗವನ್ನು ತುಂಬಿಕೊಂಡಾಗ. ಆದರೆ ಅದರ ಪಟ್ಟಿಯಲ್ಲಿ ನೀವು ನಿತ್ಯ ಬಳಸುವುದೇನಾದರೂ ಕಂಡರೆ ಮೊದಲು ‘ಆಪ್ಟ್-ಮಾರ್ಕ್ ಮ್ಯಾನ್ಯುಯಲ್’ ಎಂದು ಅದರ ಹೆಸರು ಹೇಳಿ, ಇದು ನನಗೆ ಬೇಕಾದದ್ದು ಎಂದು ಗುರುತು ಹಾಕಿಸಿಬಿಡಬೇಕು.

ಇವೆಲ್ಲ ಉಗ್ರಾಣಿಗೆ ಗೊತ್ತಿರುವ ಸಾಮಾನಿನ ಮಾತಾಯಿತು. ಹಿತ್ತಲ ಬಾಗಿಲಿನಿಂದ ತಂದದ್ದರ ಕಥೆಯೇ ಬೇರೆ. ಮೂಲಸಂಕೇತ ಇಳಿಸಿಕೊಂಡು ‘ಸುಡೊ ಮೇಕ್ ಇನ್‌ಸ್ಟಾಲ್’ ಮಾಡಿದರೆ ಕಡತಗಳು ಸಾಮಾನ್ಯವಾಗಿ /ಯುಎಸ್‌ಆರ್/ಲೋಕಲ್ ಒಳಗೆ ಹರಡಿಕೊಳ್ಳುತ್ತವೆ, ಡಿಪಿಕೆಜಿಯನ್ನು ಕೇಳಿದರೆ ಅಂಥದ್ದು ನನಗೆ ಗೊತ್ತಿಲ್ಲ ಎನ್ನುತ್ತದೆ, ತೆಗೆಯುವ ಜವಾಬ್ದಾರಿ ಪೂರ್ತಿ ನಿಮ್ಮದು. ಪೈಥಾನಿನ ಸ್ವಂತ ಅಳವಡಿಕೆ ಸಾಧನವಾದ ಪಿಪ್ ಕೂಡ ಬಹಳ ಕಾಲ ಹೀಗೆಯೇ ವ್ಯವಸ್ಥೆಯ ಪೈಥಾನಿನೊಳಗೆ ಕೈಹಾಕುತ್ತಿತ್ತು. 2023ರಲ್ಲಿ ಬಂದ ಡೆಬಿಯನ್ 12ರಿಂದ ಈಚೆಗೆ, ಈ ಪರಿಸರವನ್ನು ನೋಡಿಕೊಳ್ಳುವವರು ಬೇರೆ ಇದ್ದಾರೆ ಎಂದು ಅದು ನಿರಾಕರಿಸಿ, ಪ್ರತ್ಯೇಕ ವರ್ಚುವಲ್ ಪರಿಸರ ಕಟ್ಟಿಕೊಳ್ಳಲು ಹೇಳುತ್ತದೆ. ಇದರಿಂದ ಸಿಟ್ಟಾದವರನ್ನು ಕಂಡಿದ್ದೇನೆ. ನನಗಂತೂ ಇದು ಎಂದೋ ಆಗಬೇಕಿದ್ದ ಕೆಲಸವೆನಿಸಿತು. ಇನ್ನು ಎಲ್ಲಿಂದಲೋ ನಕಲಿಸಿದ ಒಂದೇ ಸಾಲಿನಲ್ಲಿ, ಜಾಲದಿಂದ ಕಡತ ಇಳಿಸುವ ಕರ್ಲ್‌ನಿಂದ ಸ್ಕ್ರಿಪ್ಟ್ ಇಳಿಸಿ, ಕಮಾಂಡುಗಳನ್ನು ನಡೆಸುವ ಬ್ಯಾಶ್‌ಗೆ ಸುಡೊ ಸಮೇತ ನೇರವಾಗಿ ಸುರಿಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಆಪ್ಟ್ ತರುವ ಪಟ್ಟಿಗೆ ಭಂಡಾರದವರ ಡಿಜಿಟಲ್ ಸಹಿ ಇರುತ್ತದೆ, ಪಟ್ಟಿಯಲ್ಲಿ ಪ್ರತಿ ಡೆಬ್ ಕಡತದ ಎಸ್‌ಎಚ್‌ಎ256 ಎಂಬ ಇನ್ನೊಂದು ಬಗೆಯ ಗುರುತಿನ ಮೊತ್ತ ಇರುತ್ತದೆ, ಆದ್ದರಿಂದ ದಾರಿಯಲ್ಲಿ ಯಾರಾದರೂ ಒಂದು ಅಕ್ಷರ ಬದಲಿಸಿದರೂ ಸಿಕ್ಕಿಬೀಳುತ್ತಾರೆ; ಆ ಒಂದು ಸಾಲಿನ ಸ್ಕ್ರಿಪ್ಟಿಗೆ ಅಂಥ ಯಾವ ಕಾವಲೂ ಇಲ್ಲ, ಅದು ಏನನ್ನು ಎಲ್ಲಿಟ್ಟಿತು ಎಂಬ ಲೆಕ್ಕವೂ ಉಗ್ರಾಣಿಯ ಬಳಿ ಇರುವುದಿಲ್ಲ.

ನಡುವೆ ವಿದ್ಯುತ್ ಹೋಗಿ ಕೆಲಸ ಅರ್ಧಕ್ಕೆ ನಿಂತರೆ ಗಾಬರಿಯಾಗಬೇಕಾಗಿಲ್ಲ. ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಎಂದರೆ ಬಿಚ್ಚಿಟ್ಟು ಮುಗಿಸದೆ ಬಿಟ್ಟದ್ದನ್ನು ಅದು ಮುಂದುವರಿಸುತ್ತದೆ. ಅವಲಂಬನೆ ಮುರಿದಿದ್ದರೆ ‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’. ಬೀಗ ಸಿಗಲಿಲ್ಲ ಎಂಬ ದೂರು ಬಂದರೆ ಬಹುತೇಕ ಹಿನ್ನೆಲೆಯಲ್ಲಿ ಭದ್ರತಾ ಅಪ್‌ಡೇಟುಗಳು ತಾವಾಗಿ ನಡೆಯುತ್ತಿರುತ್ತವೆ, ಐದು ನಿಮಿಷ ಕಾಯುವುದು ಸಾಕು. ಬೀಗದ ಕಡತವನ್ನು ಅಳಿಸಿ ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ. ಇಬ್ಬರು ಒಂದೇ ಪುಸ್ತಕದಲ್ಲಿ ಒಮ್ಮೆಗೇ ಬರೆಯದಿರಲೆಂದು ಇಟ್ಟ ಬೀಗ ಅದು, ಅದನ್ನು ಒಡೆದರೆ ಏನಾದೀತೆಂದು ನೀವೇ ಊಹಿಸಿ.

ಇವಲ್ಲದೆ ಆಪ್ಟ್ ದಿನಚರಿಯನ್ನೂ ಬರೆಯುತ್ತದೆ. /ವಾರ್/ಲಾಗ್/ಆಪ್ಟ್ ಒಳಗಿನ ಹಿಸ್ಟರಿ.ಲಾಗ್ ಎಂಬ ಕಡತದಲ್ಲಿ ಪ್ರತಿ ಕೆಲಸದ ಆರಂಭದ ಸಮಯ, ಟೈಪಿಸಿದ ಕಮಾಂಡ್, ಸುಡೊ ಬಳಸಿದವರ ಹೆಸರು, ಬಂದ ಮತ್ತು ಹೋದ ಪ್ಯಾಕೇಜುಗಳು, ಮುಗಿದ ಸಮಯ ಎಲ್ಲವೂ ಇರುತ್ತವೆ. ತಿಂಗಳಿಗೊಮ್ಮೆ ಅದನ್ನು ಮಡಿಸಿ ಕುಗ್ಗಿಸಿ ಇಟ್ಟು ಹೊಸದನ್ನು ತೆರೆಯಲಾಗುತ್ತದೆ. ಓದದೆ ಎಂಟರ್ ಒತ್ತಿ ಡೆಸ್ಕ್‌ಟಾಪ್ ಕಳೆದುಕೊಂಡವರು ಆ ಕರಿಯ ಪರದೆಯಲ್ಲೇ ಲಾಗಿನ್ ಆಗಿ, ಹೋದವುಗಳ ಹೆಸರನ್ನು ಇಲ್ಲಿಂದ ಓದಿಕೊಂಡು ಒಂದೊಂದಾಗಿ ಮರಳಿ ಹಾಕಿಕೊಳ್ಳಬಹುದು. ಇದನ್ನು ಬರೆಯುವ ಮೊದಲು ನಾನು ಆ ಭಾನುವಾರದ ಪುಟವನ್ನು ತೆರೆದು ನೋಡಿದೆ. ಪರ್ಜ್, ಇನ್‌ಸ್ಟಾಲ್, ಪರ್ಜ್, ಇನ್‌ಸ್ಟಾಲ್, ಪರ್ಜ್, ಇನ್‌ಸ್ಟಾಲ್ ಎಂದು ಮೂರು ಸುತ್ತು, ಪ್ರತಿಯೊಂದರ ಕೆಳಗೂ ನನ್ನ ಹೆಸರು. ನಾಲ್ಕನೆಯ ಸುತ್ತಿನ ಪರ್ಜಿನಲ್ಲಿ ಮಾತ್ರ ಎರಡು ಪ್ಯಾಕೇಜುಗಳ ಹೆಸರು. ಎಲ್ಲಕ್ಕೂ ಮೂಲವಾದ ಆ ಆರ್‌ಎಂ ಸಾಲು ಅಲ್ಲೆಲ್ಲೂ ಇಲ್ಲ. ಅದನ್ನು ನಾನು ಉಗ್ರಾಣಿಗೆ ಹೇಳಿ ಮಾಡಿರಲಿಲ್ಲವಲ್ಲ.